ಹನ್ನೊಂದನೇ ನಂಬರಿನ ಬೇವಿನ ಗಿಡ, ನಮ್ಮ ಯಮನಪ್ಪ ಕಾಕಾ

ಓದೋ ಎಲ್ಲಾರಿಗೂ ಶರಣ್ರಿ. ನಾ ಹೊಲಿಗಿ ಕೆಲಸದ ಮನಷ್ಯಾ. ಎಸ್ಸೆಸ್ಸೆಲ್ಸಿ ಪಾಸಾಗಿದ್ದ ಮೂವತ್ತೊಂದನೇ ವರ್ಷಕ್ಕ, ಅದೂ ಹೊರಗಿನಿಂದ ಕಟ್ಟಿ. ಒಂದ ಬೆರಳಲೆ ಹುಡುಕಿ ಹುಡುಕಿ ಟೈಪ್ ಮಾಡಾಕತ್ತೇನಿ. ಒತ್ತಕ್ಷರ ತಪ್ಪಿದ್ರ ಹೊಟ್ಟ್ಯಾಗ ಹಾಕ್ಕೋರಿ. ಬರಿಯಾಕ ಕುಂತಿದ್ದು ಬ್ಯಾರೇ ಒಂದು ತಪ್ಪಿನ ಸುದ್ದಿ.

ಯಮನಪ್ಪ ಕಾಕಾ ಬರೂದು ಕಣ್ಣಿಗೆ ಕಾಣೂಕಿಂತ ಮೊದಲ ಕಿವಿಗೆ ಕೇಳಸ್ತಿತ್ತು. ಅವರ ಖಾಕಿ ಅಂಗಿ ಕಿಸೆದಾಗ ಜಂಗ ಹಿಡದ ಮೊಳಿ ತುಂಬಿರ್ತಿದ್ವು. ಹೆಜ್ಜಿ ಇಟ್ಟಂಗ ಗಲ್ ಗಲ್ ಅಂತಿದ್ವು. ಅವು ಬಡಿಯೂ ಮೊಳಿ ಅಲ್ಲ, ಗಿಡದಿಂದ ಕಿತ್ತಿದ್ವು.

ಮುದ್ದೇಬಿಹಾಳದಾಗ ಬಸ್‌ಸ್ಟ್ಯಾಂಡಿನಿಂದ ಹಳೇ ಕಚೇರಿಗೆ ಹೋಗೂ ರಸ್ತೆಕ್ಕ ಆಗ ಎರಡೂ ಕಡೆ ದೊಡ್ಡ ದೊಡ್ಡ ಬೇವಿನ ಗಿಡ ಇದ್ವು. ಬ್ರಿಟಿಷರ ಕಾಲದಾಗ ಹಚ್ಚಿದ್ದು ಅಂತ ಹಿರ್ಯಾರು ಹೇಳ್ತಿದ್ರು. ಕಾಕಾ ರಸ್ತೆ ಗ್ಯಾಂಗಿನ್ಯಾಗ ಕೆಲಸ ಮಾಡಿ ರಿಟೈರ್ ಆಗಿದ್ರು. ಆದ್ರೂ ದಿನಾ ಮುಂಜಾನೆ ಒಂದ ಕೈಯಾಗ ಇಕ್ಕಳ, ಹೆಗಲ ಮ್ಯಾಲೆ ನೀರಿನ ಕೊಡ ಹೊತಗೊಂಡು ಆ ರಸ್ತೆಗೆ ಬರ್ತಿದ್ರು. ಗಿಡ ಸತ್ತು ಖಾಲಿ ಬಿದ್ದ ಜಾಗಾದಾಗ ಸಸಿ ಹಚ್ಚಿ, ಸುತ್ತ ಜಾಲಿ ಮುಳ್ಳಿನ ಬೇಲಿ ಕಟ್ತಿದ್ರು. ಗಿಡಕ್ಕೆಲ್ಲಾ ಬಿಳಿ ಬಣ್ಣದಾಗ ನಂಬರ್ ಬರದಿದ್ರು. ಕಾಕಾಗ ಅವ ಹೆಸರು. "ಏಳಕ್ಕ ಯಾರೋ ಎಮ್ಮಿ ಕಟ್ಟ್ಯಾರ, ತೊಗಟಿ ಸವದೇತಿ. ಹದಿಮೂರು ಈ ಸಲ ಛಲೋ ಹೂ ಬಿಟ್ಟೇತಿ," ಅಂತ ಮನಿ ಮಕ್ಕಳ ಸುದ್ದಿ ಹೇಳಿದಂಗ ಹೇಳ್ತಿದ್ರು.

ಗಿಡಕ್ಕ ಯಾರರ ಬೋರ್ಡ್ ಬಡದ್ರ ಕಿತ್ತು, ಮೊಳಿ ಕಿಸೆದಾಗ ಹಾಕ್ಕೊಂಡು, ಬೋರ್ಡ್ ಒಯ್ದು ಅವರ ಅಂಗಡ್ಯಾಗ ಇಟ್ಟು ಬರ್ತಿದ್ರು. ಕಟ್ಟಾಕ ಹಗ್ಗ ಬೇಕಂದ್ರ ತಾವ ಕೊಡ್ತಿದ್ರು. ಒಮ್ಮೆ ಟ್ಯೂಷನ್ ಕ್ಲಾಸಿನವ ಒಬ್ಬಾಂವ ಸಿಟ್ಟಿಗೆದ್ದು, ಒಂದ ಮೊಳಿಗೆ ಗಿಡಕ್ಕ ಏನ್ ಆಗತೈತಿ ಅಂತ ಜಗಳಕ್ಕ ಬಂದ. ಕಾಕಾ ದನಿ ಏರಿಸಲಿಲ್ಲ. "ನಿಮ್ಮ ಹಣಿಗೆ ಬಡೀಲೇನ್ರಿ? ಬೋರ್ಡ್ ಊರ ತುಂಬ ತಿರಗ್ಯಾಡತೈತಿ, ಹುಡುಗೂರು ಹೆಚ್ಚ ಬರ್ತಾರ," ಅಂದ್ರು. ನಾ ನಕ್ಕ ನಕ್ಕ ಮಷಿನ್ ತುಳಿಯೂದ ಬಿಟ್ಟಿದ್ನಿ.

ನನ್ನ ಅಂಗಡಿ ಮುಂದಿಂದು ಹನ್ನೊಂದನೇ ನಂಬರು. ಅಂಗಡಿ ಆಗೂಕಿಂತ ಮೊದಲು ನಮ್ಮ ಅಪ್ಪ ಅದರ ನೆಳ್ಳಾಗ ಮಷಿನ್ ಇಟಗೊಂಡು ಹೊಲಿತಿದ್ದ. ಅಂವ ತೀರಕೊಂಡ ಮ್ಯಾಲೆ ಅವನ ನೆನಪಿಗೆ ಗಿಡಕ್ಕ ಒಂದು ಕಟ್ಟಿ ಕಟ್ಟಸೂಣು ಅಂತ ಮನಸಾತು. ಗಿಡಕ್ಕ ಕಟ್ಟಿ ಕಟ್ಟಸೂದು ನಮ್ಮ ಕಡೆ ಪುಣ್ಯದ ಕೆಲಸ. ಹೆಸರಿನ ಕಲ್ಲಿಗೆ ಒಕ್ಕಣಿ ನಾನ ಬರದ್ನಿ. ನನ್ನ ಅಕ್ಷರ ಕಲ್ಲಿನ್ಯಾಗ ಬರತೈತಿ ಅಂತ ನನಗ ನೆಲಾ ಕಾಣವಲ್ದಾಗಿತ್ತು.

ಕೇಳಿ ಕಾಕಾಗೂ ಖುಷಿ ಆತು. ಕೆಲಸ ಸುರು ಆದ ದಿನ ಬುಡದಾಗ ಕುಂತು ಕೈಯಲೆ ಅಳತಿ ತೋರಿಸಿದ್ರು. "ತಮ್ಮಾ, ಸುತ್ತ ಎರಡ ಮೊಳ ಮಣ್ಣ ಬಿಡು. ಬೇರಿಗೆ ಕೈ ಹಚ್ಚಬ್ಯಾಡ. ಗಿಡದ ಬಾಯಿ ಕೆಳಗ ಐತಿ." ನಾ ಹೂಂ ಅಂದ್ನಿ.

ಅವರು ಆ ಕಡೆ ಹೋದ ಮ್ಯಾಲೆ ಗೌಂಡಿ, ಮಣ್ಣ ಬಿಟ್ರ ಮಂದಿ ಉಗಳತಾರ, ಬೀಡಿ ಚುಟ್ಟಾ ಒಗೀತಾರ, ಗಿಡದ ಬೊಡ್ಡಿ ತನಕ ಕಾಂಕ್ರೀಟ್ ಹಾಕಿ ಟೈಲ್ಸ್ ಹಚ್ಚೂಣು, ಮನಿಯಾಗಿನ ಹಾಲ್ ಇದ್ದಂಗ ಕಾಣತೈತಿ ಅಂದ. ಅದಕ್ಕೂ ಹೂಂ ಅಂದ್ನಿ. ಪಾಯಾ ತೋಡೂವಾಗ ತೋಳಿನಷ್ಟ ದಪ್ಪನ ಬೇರು ಎರಡು ಅಡ್ಡ ಬಂದ್ವು. ಕಡಸಿದ್ನಿ.

ಕಲ್ಲಿಗೆ ಮಾಲಿ ಹಾಕೂ ದಿನ ಓಣಿ ಮಂದಿ ಎಲ್ಲಾ ಕೂಡಿದ್ರು. ಕಾಕಾ ಬಂದ್ರು, ಬುಡಾ ನೋಡಿದ್ರು. "ತಮ್ಮಾ, ಬಾಯಿ ಮುಚ್ಚಿಬಿಟ್ಟೆಲ್ಲೋ," ಅಂದ್ರು. ನಾಕ ಮಂದ್ಯಾಗ ನನಗ ಮಾರಿ ಸಣ್ಣದಾತು. "ಸರಕಾರ ನಿನ್ನ ರಿಟೈರ್ ಮಾಡಿ ಮನಿಗೆ ಕಳಿಸೇತಿ. ಗಿಡಾ ನಿನ್ನ ಹೆಸರಿಗೆ ಬರದು ಕೊಟ್ಟಾರೇನು?" ಅಂದ್ನಿ. ಮಂದಿ ನಕ್ಕರು. ಅಪ್ಪನ ವಾರಿಗಿ ಮನಷ್ಯಾಗ ನಾ ಅಲ್ಲೀತನಕ ಒಮ್ಮೆನೂ 'ನೀ' ಅಂದಿದ್ದಿಲ್ಲ. ಅವತ್ತಿನಿಂದ ಕಾಕಾ ನನಗ ತಮ್ಮಾ ಅನ್ನೂದು ಬಿಟ್ಟು, ರೀ ಹಚ್ಚಿ ಮಾತಾಡಾಕ ಹತ್ತಿದ್ರು.

ಎರಡ ವರ್ಷಕ್ಕ ಗಿಡದ ತುದಿ ಒಣಗಾಕ ಹತ್ತಿತು. ಕಾಕಾ ಅಂಗಡಿ ಬಾಗಲಕ್ಕ ಬಂದು ನಿಂತ್ರು. "ಟೇಲರ್ರ, ನೀವು ಹೂಂ ಅಂದ್ರ ಬುಡದಾಗಿಂದು ಅಷ್ಟ ಒಡಿತೇನ್ರಿ. ನಿಮ್ಮ ಅಪ್ಪಾರ ಕಲ್ಲಿಗೆ ಧಕ್ಕಿ ಹತ್ತಸೂದಿಲ್ಲ."

ದೀಪಾವಳಿ ಮುಗೀಲಿ ಅಂದ್ನಿ. ದೀಪಾವಳಿ ಮುಗದ ಮ್ಯಾಲೆ ಲಗ್ನದ ಸೀಜನ್ ಮುಗೀಲಿ ಅಂದ್ನಿ. ಮೂರ ಸಲ ಬಂದ್ರು, ಮೂರ ಸಲಾನೂ ಒಂದೊಂದು ನೆಪ. ಖರೇ ಹೇಳಬೇಕಂದ್ರ, ಕಾಂಕ್ರೀಟ್ ಒಡದ್ರ ಕಾಕಾ ಹೇಳಿದ್ದ ಖರೆ ಆತು ಅಂತ ಮಂದಿಗೆ ತಿಳಿತಿತ್ತು. ಅಷ್ಟಕ್ಕ. ಬ್ಯಾಸಿಗ್ಯಾಗ ಅವರು ಟೈಲ್ಸಿನ ಒಂದು ಬಿರುಕಿನ್ಯಾಗ ತಂಬಿಗೀಲೆ ನೀರ ಇಳಸ್ಕೋತ ಕುಂದರ್ತಿದ್ರು. ನಾ ಒಳಗ ಅಂಗಿ ಗುಂಡಿಗೆ ಕಾಜಾ ಮಾಡ್ಕೋತ, ನೋಡಿನೂ ನೋಡದಂಗ ಇರ್ತಿದ್ನಿ. ಆಮ್ಯಾಲೆ ಅವರ ಕಣ್ಣು ಮಂಜಾದ್ವು. ಮಗಳು ಬಂದು ತನ್ನೂರು ಮುಳವಾಡಕ್ಕ ಕರಕೊಂಡು ಹೋದಳು.

ಆ ವರ್ಷ ರಸ್ತೆದ ಗಿಡಾ ಎಲ್ಲಾ ಚಿಗತ್ವು, ಹನ್ನೊಂದು ಚಿಗಿಲಿಲ್ಲ. ಒಣಾ ಟೊಂಗಿ ಯಾರ ತಲಿ ಮ್ಯಾಲೆ ಬೀಳತೈತೋ ಅಂತ ಕಡದು ಹಾಕಿದ್ರು. ಕಟ್ಟಿ ಉಳೀತು, ಕಲ್ಲೂ ಉಳೀತು. ನೆಳ್ಳ ಇಲ್ಲದ ಕಟ್ಟಿ ಮ್ಯಾಲೆ ಯಾರೂ ಕುಂದರಲಿಲ್ಲ.

ಕಾಕಾನ ಕಾಲ ಹಿಡೀಬೇಕಂತ ಮುಳವಾಡಕ್ಕ ಹೋದ್ನಿ. ಏನ್ ಹೇಳಬೇಕು ಅಂತ ಬಸ್ಸಿನ್ಯಾಗ ಬಾಯಿಪಾಠ ಮಾಡ್ಕೊಂಡಿದ್ನಿ. ಹೊರಸಿನ ಮ್ಯಾಲೆ ಮಲಗಿದ್ರು. ದನಿ ಮ್ಯಾಲೆ ಗುರುತ ಹಿಡದ್ರು. ನಾ ಬಾಯಿ ತೆರಿಯೂದ್ರಾಗ ಅವರ ಕೇಳಿದ್ರು:

"ಹನ್ನೊಂದು ಹೆಂಗೈತ್ರಿ?"

"ಚಿಗತೇತಿ ಕಾಕಾ," ಅಂದ್ನಿ. "ತುದಿ ತನಕ ಚಿಗತೇತಿ."

ಕಾಕಾ ತಡಕ್ಯಾಡಿ ನನ್ನ ಕೈ ಹಿಡದ್ರು.

"ಹಂಗಾದ್ರ ತಪ್ಪು ನಂದ್ರಿ. ನಿಮ್ಮ ಅಪ್ಪಾರ ಕಾರ್ಯದಾಗ, ಅಷ್ಟ ಮಂದ್ಯಾಗ, ನಾ ಹಂಗ ಅನಬಾರದಿತ್ತು. ಮನಸಿನ್ಯಾಗ ಇಟಗೋಬ್ಯಾಡ್ರಿ."

ಆಗರ ಖರೇ ಹೇಳಬಹುದಿತ್ತು. ಮಗಳು ಚಾ ತಂದಿಟ್ಟು ಒಳಗ ಹೋದಳು. ಇಬ್ಬರ ಇದ್ವಿ. "ಇರ್ಲಿ ಬಿಡ್ರಿ ಕಾಕಾ," ಅಂದ್ನಿ. ಅಂದು ಚಾ ಕುಡದು, ಬಸ್ಸಿಗೆ ಹೊತ್ತಾತು ಅಂತ ಎದ್ದು ಬಂದ್ನಿ. ಹದಿನೈದ ದಿನಕ್ಕ ಅವರು ಹೋದ ಸುದ್ದಿ ಬಂತು.

ನೀವು ಕೇಳಬೇಕಾಗಿದ್ದ ಮಾಫಿ ಎದರಿಗಿನವರು ಕೇಳಿ, ನೀವು ಅದನ್ನ ಇಸಗೊಂಡು ಸುಮ್ನ ಮನಿಗೆ ಬಂದದ್ದು ಏನರ ಇದ್ರ ಬರೀರಿ. ಆಮ್ಯಾಲೆ ಏನ್ ಮಾಡಿದ್ರಿ ಅನ್ನೂದನ್ನೂ ಬರೀರಿ. ನನಗ ಗೊತ್ತಾಗವಲ್ದು.