ಪುಡಿಯಮ್ಮ ಬೇಡಿದ ಹಳದಿ

ಪುಡಿಯಮ್ಮನಿಗೆ ಆ ಹೆಸರು ಬಂದದ್ದು ಬಣ್ಣದ ಕಾರ್ಖಾನೆಯಲ್ಲಿ. ಗೋಡೆಗೆ ಬಳಿಯುವ ಬಿಳಿ ಬಣ್ಣದ ಪುಡಿಯನ್ನು ಕುಲುಮೆಯಿಂದ ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು, ಪಾಸೋ ಫೇಲೋ ಹೇಳುವುದು ಆಕೆಯ ಕೆಲಸ. ಟೈಟಾನಿಯಂ ಡೈಆಕ್ಸೈಡ್ ಎಂಬ ಅದರ ಉದ್ದನೆಯ ಹೆಸರು ಗೊತ್ತಿದ್ದರೂ ಆಕೆ ಕರೆಯುತ್ತಿದ್ದುದು ‘ನನ್ನ ಬಿಳಿ’ ಎಂದೇ. ಚೂರು ಹಳದಿ ಕಂಡರೂ ಹುಬ್ಬು ಗಂಟಿಕ್ಕುತ್ತಿತ್ತು. ಮುಚ್ಚಳ ತೆಗೆದು, ಉರಿ ಏರಿಸಿ, ಬೆಳ್ಳಗಾಗುವವರೆಗೆ ಮತ್ತೆ ಸುಡಿಸುತ್ತಿದ್ದಳು. ಕುಲುಮೆಯ ಬಾಗಿಲು ಹಾಕುವಾಗ ಕಣ್ಣುಮುಚ್ಚಿ ಒಂದೇ ಮಾತು: “ದೇವರೇ, ಬಿಳಿ ಬರಲಿ.”

ಮನೆಯಲ್ಲೂ ಅದೇ ಕಣ್ಣು. ಬಸ್ ಓಡಿಸುವ ಗಂಡ ಅಂಗಿ ಬಿಚ್ಚುವ ಮೊದಲೇ ಕಾಲರಿನ ಪರೀಕ್ಷೆ ಮುಗಿದಿರುತ್ತಿತ್ತು. “ಇವಳ ಕೈಗೆ ಸಿಕ್ಕಿದ್ರೆ ಚಂದ್ರನಿಗೂ ಸೋಪು ಬೀಳುತ್ತೆ,” ಎಂದು ಅವನು ನಗುತ್ತಿದ್ದ.

ಕಾರ್ಖಾನೆ ಮುಚ್ಚಿದ ಮೇಲೆ ಆಕೆ ಒಂದು ಕಾಲೇಜಿನ ಪ್ರಯೋಗಾಲಯ ಸೇರಿದಳು. ಅಲ್ಲಿನ ಮೇಡಂ ಮಗಳ ವಯಸ್ಸಿನವಳು. ಬಟ್ಟೆಗೆ ಬಣ್ಣ ಹಾಕುವ ಕೇರಿಯಿಂದ ಹರಿದುಬರುವ ನೀಲಿ ನೀರನ್ನು ಬೆಳಕಿನಿಂದಲೇ ತಿಳಿಗೊಳಿಸಬೇಕೆಂಬುದು ಅವಳ ಹಟ. ಬಿಳಿ ಪುಡಿಗೆ ಆ ಶಕ್ತಿ ಇದೆ. ಆದರೆ ಅದು ಓಗೊಡುವುದು ಕಣ್ಣಿಗೆ ಕಾಣದ ಅತಿನೇರಳೆ ಬೆಳಕಿಗೆ ಮಾತ್ರ. ಬಿಸಿಲಿನಲ್ಲಿ ಅದು ಇರುವುದೇ ಸ್ವಲ್ಪ. ಪುಡಿಗೆ ಯೂರಿಯಾ ಬೆರೆಸಿ, ಮುಚ್ಚಿದ ಮೂಸೆಯಲ್ಲಿ ಹದವಾಗಿ ಕಾಯಿಸಿದರೆ ಯೂರಿಯಾದ ಸಾರಜನಕ ಒಂದಿಷ್ಟು ಒಳಗೆ ಸೇರಿಕೊಳ್ಳುತ್ತದೆ. ಆಮೇಲೆ ಕಣ್ಣಿಗೆ ಕಾಣುವ ಬೆಳಕೂ ಅದಕ್ಕೆ ಸಾಕು.

ಇಷ್ಟನ್ನೂ ಮೇಡಂ ಹೇಳಿದ್ದಳು. ಸಾರಜನಕ ಸೇರಿದ ಪುಡಿ ಹಳದಿಯಾಗುತ್ತದೆ ಎಂಬುದೊಂದನ್ನು ಮರೆತಿದ್ದಳು.

ಎರಡು ದಿನ ಬಿಟ್ಟು ಪುರಸಭೆಯವರು ನೋಡಲು ಬರುವವರಿದ್ದರು. ನೀರು ತಿಳಿಯಾದರೆ ಕೇರಿಯ ಕಾಲುವೆಗೆ ತೊಟ್ಟಿ ಕಟ್ಟಿಸುತ್ತೇವೆ, ಇಲ್ಲದಿದ್ದರೆ ಆ ಮಾತು ಬಿಡಿ ಎಂದಿದ್ದರು. ಮೇಡಂ ಪಾಠಕ್ಕೆ ಹೋಗಿದ್ದಾಗ ಪುಡಿಯಮ್ಮ ಆರಿದ ಮೂಸೆಯ ಮುಚ್ಚಳ ತೆರೆದಳು. ಹಳದಿ!

ಕೈ ತನ್ನಷ್ಟಕ್ಕೆ ಹಳೆಯ ದಾರಿ ಹಿಡಿಯಿತು. ಮುಚ್ಚಳ ಪಕ್ಕಕ್ಕೆ, ಉರಿ ಮೇಲಕ್ಕೆ, ದೇವರಿಗೆ ಅದೇ ಅರ್ಜಿ.

ಸಂಜೆ ಮೇಡಂ ಬಂದಾಗ ಆಕೆ ಮುಖ ಅರಳಿಸಿಕೊಂಡು ನಿಂತಿದ್ದಳು. “ನೋಡಿ ಮೇಡಂ, ಕೆಟ್ಟುಹೋಗಿತ್ತು, ಸರಿಮಾಡಿದೆ!”

ಮೇಡಂ ಮೂಸೆಯೊಳಗೆ ಇಣುಕಿದಳು. “ಅಯ್ಯೋ ಪುಡಿಯಮ್ಮ! ಸೇರ್ಕೊಂಡಿದ್ದ ಸಾರಜನಕನೆಲ್ಲ ಗಾಳಿಗೆ ಓಡಿಸಿಬಿಟ್ರಲ್ಲ!”

“ಹಳದಿ ಅಂದ್ರೆ ಪಾಸಾ?”

“ಹಳದಿ ಅಂದ್ರೇನೇ ಪಾಸು.”

ಪುಡಿಯಮ್ಮ ಓಡಿಹೋಗಿ ಕಪಾಟು ತೆರೆದಳು. ಅಲ್ಲಿ ಉಳಿದಿದ್ದುದು ಇನ್ನೊಂದೇ ಸಲಕ್ಕೆ ಆಗುವಷ್ಟು ಪುಡಿ. ಆಕೆಯ ಮುಖ ನೋಡಿ ಮೇಡಂ ಮೆತ್ತಗಾದಳು. “ಹೇಳ್ದೇ ಇದ್ದಿದ್ದು ನಾನು ತಾನೇ? ನಾಳೆ ಇಬ್ರೂ ಸೇರಿ ಸುಡೋಣ.”

ಮನೆಯಲ್ಲಿ ಕಥೆ ಕೇಳಿದ ಗಂಡ ಕಾಲರ್ ಎತ್ತಿ ತೋರಿಸಿದ. “ಹಳದಿ ಪಾಸಾದ್ರೆ ನಾನು ಫಸ್ಟ್ ಕ್ಲಾಸು ಕಣೇ!” ಆಕೆಗೆ ನಗು ಬರಲಿಲ್ಲ.

ಮರುದಿನ ಕುಲುಮೆಯ ಬಾಗಿಲು ಹಾಕಿ ಕಣ್ಣುಮುಚ್ಚಿದಳು. “ದೇವರೇ, ಬಿ...” ನಾಲಿಗೆ ಕಚ್ಚಿಕೊಂಡಳು. “ತಪ್ಪಾಯ್ತು. ಹಳದಿ ಬರಲಿ. ಇಷ್ಟು ವರ್ಷ ಕೇಳಿದ್ದು ನೆನಪಿಟ್ಕೊಂಡು ಬಿಳಿ ಕಳಿಸಿಬಿಡ್ಬೇಡ, ನನ್ನಪ್ಪ.”

ಹಿಂದೆ ನಿಂತಿದ್ದ ಮೇಡಂ ಸೆರಗು ಬಾಯಿಗೊತ್ತಿಕೊಂಡಳು.

ಪುರಸಭೆಯವರು ಬರುವ ದಿನ ಬೆಳಿಗ್ಗೆ ಇಬ್ಬರೂ ಮೂಸೆ ತೆರೆದರು. ಎಳೆ ಬೆಣ್ಣೆಯಂಥ ಹಳದಿ! ಪುಡಿಯಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಗಂಟಲು ಸರಿಪಡಿಸಿಕೊಂಡು, “ಪಾಸು,” ಎಂದಳು.

“ಮೊನ್ನೆ ಬೆಳ್ಳಗಾಗಿದ್ದನ್ನ ಎಸೆದಿಲ್ಲ ತಾನೇ?” ಎಂದು ಕೇಳಿದ ಮೇಡಂ ಎರಡು ಜಾಡಿಗಳಲ್ಲಿ ನೀಲಿ ನೀರು ತುಂಬಿ, ಒಂದಕ್ಕೆ ಹಳದಿ, ಒಂದಕ್ಕೆ ಬಿಳಿ ಪುಡಿ ಹಾಕಿ ಕಲಕಲು ಬಿಟ್ಟಳು. ಜಾಡಿಗಳಿಗೆ ಹಿಡಿದ ದೀಪದ ಮುಂದೆ, ಕಾಣುವ ಬೆಳಕಷ್ಟೇ ಬೀಳಲೆಂದು, ಅತಿನೇರಳೆ ಬೆಳಕನ್ನು ತಡೆಯುವ ಹಾಳೆ. ಬಂದವರು ಚಹಾ ಕುಡಿದು, ಕಟ್ಟಡ ಸುತ್ತಿ, ಊಟ ಮುಗಿಸಿ ಬರುವಷ್ಟರಲ್ಲಿ ಕಲಕುವುದು ನಿಂತು ಪುಡಿ ತಳಕ್ಕೆ ಇಳಿದಿತ್ತು. ಹಳದಿಯ ಜಾಡಿಯ ಆಚೆ ಗೋಡೆಯ ಗಡಿಯಾರ ನಿಚ್ಚಳವಾಗಿ ಕಾಣುತ್ತಿತ್ತು. ಬಿಳಿಯದು ನೀಲಿಯಾಗಿಯೇ ಉಳಿದಿತ್ತು.

“ಎರಡೂ ಒಂದೇ ಪುಡಿ ಅಂತೀರಿ. ಇದ್ಯಾಕೆ ಹೀಗೆ?” ಎಂದರು ಹಿರಿಯ ಅಧಿಕಾರಿ.

ಮೇಡಂ ಬಾಯಿ ತೆರೆಯುವ ಮೊದಲೇ ಪುಡಿಯಮ್ಮ ಹೇಳಿಬಿಟ್ಟಳು: “ಅದು ಫೇಲಾಗಿದ್ದು ಸಾರ್. ನಾನೇ ಕೈಯಾರೆ ಫೇಲು ಮಾಡಿದ್ದು.”

ಅಧಿಕಾರಿಗೆ ನಗು ಬಂತು. ತೊಟ್ಟಿಯ ಜಾಗ ಅಳೆಯಲು ಮಾರನೆಯ ದಿನವೇ ಜನ ಕಳಿಸುವುದಾಗಿ ಹೇಳಿ ಎದ್ದರು.

ಆ ಸಂಜೆ ಗಂಡ ಬಾಗಿಲಲ್ಲೇ ನಿಂತು ಪರೀಕ್ಷೆಗೆ ಕಾಲರ್ ಚಾಚಿದ. ಪುಡಿಯಮ್ಮ ಬೆಳಕಿಗೆ ತಿರುಗಿಸಿ ನೋಡಿದಳು. “ಇವತ್ತೊಂದಿನ ಪಾಸು,” ಎಂದು ಅಂಗಿಯನ್ನು ಮೊಳೆಗೆ ನೇತುಹಾಕಿದಳು.