ಚಹಾದ ಟ್ರೇ ಕೆಳಗಿನ ಖಣ

ಸಿಟ್ಟು ಬಂದರೆ ಲಕ್ಕವ್ವ ಪಾತ್ರೆ ಬಡಿಯುವವಳಲ್ಲ, ಬಾಯಿ ಮಾಡುವವಳೂ ಅಲ್ಲ. ಹಿಟ್ಟು ನಾದುತ್ತಾಳೆ. ಆ ವಾರ ಕತಾರಿನ ಅಲ್ ಅಜೀಜಿಯಾದ ಆ ವಿಲ್ಲಾದಲ್ಲಿ ತಿನ್ನುವವರಿಲ್ಲದಷ್ಟು ಚಪಾತಿ ಆದವು.

ಸಿಟ್ಟಿಗೆ ಕಾರಣವೇನು ಸಣ್ಣದೇ? ಗುಳೇದಗುಡ್ಡದಲ್ಲಿ ಮಗಳು ಶಿಲ್ಪಶ್ರೀಗೆ ದಿನ ತುಂಬಿತ್ತು. ಚೊಚ್ಚಲ ಹೆರಿಗೆ. ಬಾಣಂತನ ಮಾಡಬೇಕಾದವಳು ಹಡೆದ ತಾಯಿ, ಆ ತಾಯಿಯೋ ಕತಾರಿನಲ್ಲಿ ಕಂಡವರ ಅಡುಗೆಮನೆಯಲ್ಲಿ. ಮೂರು ತಿಂಗಳ ಹಿಂದೆಯೇ ಮೇಡಂ ರಜೆಗೆ ಹೂಂ ಅಂದಿದ್ದಳು. ಹಮದ್ ಬಂದರಿನಲ್ಲಿ ಕೆಲಸ ಮಾಡುವ ಗಂಡ ಹಾಲಸಿದ್ದಪ್ಪ ಶನಿವಾರ ಬೆಳಗಿನ ವಿಮಾನಕ್ಕೆ ಟಿಕೆಟ್ಟೂ ತೆಗೆಸಿದ್ದ. ಆಮೇಲೆ ಇಂಗ್ಲೆಂಡಿನಿಂದ ಮೇಡಂನ ಅತ್ತೆ ಬಂದಳು. ಮೇಡಂ ಹೇಳಿದಳು: "ಈಗ ಬೇಡ ಲಕ್ಕವ್ವ. ಅವರು ಎರಡು ತಿಂಗಳು ಇರುತ್ತಾರೆ. ಅವರು ಹೋದ ಮೇಲೆ ಹೋಗು."

ಹೆರಿಗೆ ಏನು ಇವಳ ಅತ್ತೆಯ ವೀಸಾ ನೋಡಿಕೊಂಡು ನಿಲ್ಲುತ್ತದೆಯೇ? ಲಕ್ಕವ್ವ ಮೂರು ಸಲ ಕೇಳಿದಳು. ಮೂರು ಸಲವೂ ಅದೇ ಉತ್ತರ. ಪಾಸ್‌ಪೋರ್ಟು ಬೇರೆ ಮೇಡಂನ ಲಾಕರಿನಲ್ಲಿತ್ತು. "ನನ್ನ ಒಡವೆ ಜೊತೆಗೇ ಭದ್ರವಾಗಿರುತ್ತೆ" ಅಂತ ಏಳು ವರ್ಷದ ಹಿಂದೆ ಅವಳೇ ಇಸಕೊಂಡಿದ್ದಳು. ಆಗ ಲಕ್ಕವ್ವನಿಗೆ ಅದು ಮರ್ಯಾದೆ ಅನಿಸಿತ್ತು. ಎಂಥಾ ಹುಚ್ಚಿ!

ಮೇಡಂ ಅಂದರೆ ಫಿಯೋನಾ, ಅಮೆರಿಕಾದವಳು. ಗಂಡ ಡೇವಿಡ್ ಇಂಗ್ಲೆಂಡಿನ ಲಾರ್ಡ್ ಒಬ್ಬನ ಮಗ, ಇಲ್ಲಿ ಗ್ಯಾಸ್ ಕಂಪನಿಯಲ್ಲಿ ದೊಡ್ಡ ಹುದ್ದೆ. ಅವರ ಊರಿನ ಅರಮನೆಯಂಥ ಮನೆಯ ಚಾವಣಿ ಸೋರುತ್ತಿತ್ತಂತೆ, ಮದುವೆಯಲ್ಲಿ ಫಿಯೋನಾಳ ಅಪ್ಪ ಕೊಟ್ಟ ದುಡ್ಡಿನಲ್ಲಿ ಹೊಸದು ಹೊದಿಸಿದರಂತೆ. ಅದನ್ನು ಕೇಳಿ ಲಕ್ಕವ್ವ, "ಅಯ್ಯ, ಹಂಗಾರ ವರದಕ್ಷಿಣಿ ಅನ್ರಿ!" ಅಂದಿದ್ದಳು. ಅಷ್ಟೆಲ್ಲ ಸುರಿದರೂ ಅತ್ತೆಯ ಕಣ್ಣಿಗೆ ಸೊಸೆ ಹೊರಗಿನವಳೇ. ಚಮಚ ಹಿಡಿದದ್ದು ತಪ್ಪು, ನಕ್ಕದ್ದು ಜೋರು, ಮಾತಂತೂ ಕೇಳಲಾಗದು. ನಾಲ್ಕು ವರ್ಷದ ಹಿಂದೆ ಸೊಸೆ ಬಸುರಾದಾಗ, ಹೆರಿಗೆ ಇಂಗ್ಲೆಂಡಿನ ನಮ್ಮ ಮನೆಯಲ್ಲೇ ಆಗಬೇಕು, ನಿನ್ನ ತಾಯಿ ಬರುವುದು ಬೇಡ, ನಮ್ಮ ಮನೆತನಕ್ಕೆ ಅದರದೇ ರೀತಿ ಇದೆ ಅಂತ ಅಪ್ಪಣೆಯಾಯಿತು. ಫಿಯೋನಾ ಅಡುಗೆಮನೆಯ ನೆಲದ ಮೇಲೆ ಕೂತು ಅತ್ತಳು.

ಲಕ್ಕವ್ವನ ಕರುಳು ಚುರ್ ಅಂದಿತು. ತಾಯಿ ಇಲ್ಲದೆ ಬಸುರಿಯೊಬ್ಬಳು ಮನೆಯಿಂದ ಹೊರಡುವುದೆಂದರೇನು? ಬಿನ್ ಒಮ್ರಾನ್ ಬಡಾವಣೆಯ ಅಂಗಡಿಯಿಂದ ತೆಂಗಿನಕಾಯಿ, ಎಲೆ, ಅಡಿಕೆ, ಅರಿಶಿನ ಕೊಂಬು ತಂದಳು. ತನ್ನ ಪೆಟ್ಟಿಗೆಯಲ್ಲಿ ಮಗಳಿಗೆಂದು ಇಟ್ಟಿದ್ದ ಗುಳೇದಗುಡ್ಡದ ಕುಪ್ಪಸದ ಖಣ ತೆಗೆದಳು. ಗೌನಿಗೆ ಸೆರಗು ಎಲ್ಲಿಂದ ಬರಬೇಕು? ಸೊಂಟಕ್ಕೆ ದೊಡ್ಡ ಟವೆಲ್ ಕಟ್ಟಿಸಿ, ಐದು ಬೊಗಸೆ ಅಕ್ಕಿ ಹಾಕಿ, ಮೇಲೆ ಖಣವಿಟ್ಟು, ಉಡಿ ತುಂಬಿದಳು. "ಇವತ್ತಿನಿಂದ ನಿನ್ನ ತವರುಮನಿ ನಾನು" ಅಂದಳು. ಅರ್ಥವನ್ನು ಮುರುಕು ಇಂಗ್ಲಿಷಿನಲ್ಲಿ ತಿಳಿಸಿ ಹೇಳಿದಾಗ ಫಿಯೋನಾ ಅವಳ ಹೆಗಲ ಮೇಲೆ ತಲೆಯಿಟ್ಟು, "ಈ ಖಣವನ್ನು ನಾನು ಸಾಯುವ ತನಕ ಇಟ್ಟುಕೊಳ್ಳುತ್ತೇನೆ" ಅಂದಿದ್ದಳು. ಲಕ್ಕವ್ವ ಅದನ್ನು ನಂಬಿದಳು. ಉಡಿ ತುಂಬಿದ ಮೇಲೆ ಸಂಬಂಧ ಆದ ಹಾಗೆಯೇ ಅಲ್ಲವೇ ನಮ್ಮ ಕಡೆ?

ಶುಕ್ರವಾರ ಮಧ್ಯಾಹ್ನ ಶಿಲ್ಪಶ್ರೀ ಫೋನ್ ಮಾಡಿದಳು. "ಯವ್ವಾ, ನಾಳೆ ಬರ್ತಿ ಹೌದಿಲ್ಲ? ನನಗ ಅಂಜಿಕಿ ಆಗಾಕತ್ತೈತಿ." ಲಕ್ಕವ್ವ "ಬರ್ತೀನವ್ವಾ" ಅಂದುಬಿಟ್ಟಳು. ಹೇಗೆ ಅಂತ ಅವಳಿಗೇ ಗೊತ್ತಿರಲಿಲ್ಲ. ಆದರೂ ಸಂಜೆ ಟ್ಯಾಕ್ಸಿ ತಾ ಅಂತ ಗಂಡನಿಗೆ ಹೇಳಿ, ಪೆಟ್ಟಿಗೆ ಕಟ್ಟಿ ಬಾಗಿಲ ಬಳಿ ಇಟ್ಟಳು.

ನಾಲ್ಕು ಗಂಟೆಗೆ ಹಾಲ್‌ನಲ್ಲಿ ಅತ್ತೆ-ಸೊಸೆಯರ ಚಹಾ. ಬಿಸ್ಕಿಟ್ ತಟ್ಟೆ ಹಿಡಿದು ಒಳಗೆ ಬಂದ ಲಕ್ಕವ್ವ ಹೊಸ್ತಿಲಲ್ಲೇ ನಿಂತಳು. ಬೆಳ್ಳಿಯ ಟ್ರೇ ಕೆಳಗೆ, ಮೇಜಿನ ಮೇಲೆ ಹಾಸಿದ್ದದ್ದು ಅದೇ ಖಣ. ಕೆಂಪು ಅಂಚಿನ ಮೇಲೆ ಆಗಲೇ ಚಹಾದ ಕಲೆ.

ಮುದುಕಿ ಅಂಚನ್ನು ಬೆರಳಲ್ಲಿ ಮುಟ್ಟಿ, "ಚೆನ್ನಾಗಿದೆ. ಎಲ್ಲಿ ಸಿಕ್ಕಿತು?" ಅಂದಳು.

"ಇಲ್ಲಿನ ಯಾವುದೋ ಪೇಟೆಯಲ್ಲಿ, ಸೂಕ್‌ನಲ್ಲಿ," ಅಂದಳು ಫಿಯೋನಾ. "ನೆನಪಿಲ್ಲ."

ಲಕ್ಕವ್ವನ ಮೈಯೆಲ್ಲ ಉರಿದುಹೋಯಿತು. ಬಿಸ್ಕಿಟ್ ತಟ್ಟೆ ಇಟ್ಟಳು. ಟ್ರೇಯನ್ನು ಎರಡೂ ಕೈಯಲ್ಲಿ ಎತ್ತಿ ಪಕ್ಕಕ್ಕಿಟ್ಟಳು. ಖಣ ಎಳೆದುಕೊಂಡಳು.

"ಸೂಕ್ ಅಲ್ಲ, ಮೇಡಂ," ಅಂದಳು ಇಂಗ್ಲಿಷಿನಲ್ಲಿ. "ನಾನು ಕೊಟ್ಟದ್ದು. ನಿಮ್ಮ ಹೆರಿಗೆಗೆ ನಿಮ್ಮ ತಾಯಿಯನ್ನು ಬರಗೊಡಲಿಲ್ಲ. ನೀವು ಅತ್ತಿರಿ. ಆಗ ಕೊಟ್ಟೆ. ಈಗ ನನ್ನ ಮಗಳು ಅಳುತ್ತಿದ್ದಾಳೆ, ನೀವು ನನ್ನನ್ನು ಬಿಡುತ್ತಿಲ್ಲ. ಈ ಅಮ್ಮ ನಿಮಗೆ ಮಾಡಿದ್ದನ್ನೇ ನೀವು ನನ್ನ ಮಗಳಿಗೆ ಮಾಡುತ್ತಿದ್ದೀರಿ. ಪಾಸ್‌ಪೋರ್ಟ್ ಕೊಡಿ."

ಮುದುಕಿ ಎತ್ತಿದ್ದ ಚಹಾ ಕಪ್ ತುಟಿಯ ಹತ್ತಿರವೇ ನಿಂತಿತು. ಫಿಯೋನಾಳ ಕುತ್ತಿಗೆ ಕೆಂಪಾಯಿತು. "ಆಮೇಲೆ ಮಾತಾಡೋಣ, ಲಕ್ಕವ್ವ. ದಯವಿಟ್ಟು."

"ಆಮೇಲೆ ಮಾಫಿ, ಆಮೇಲೆ ಅನ್ನೋದು ಇಲ್ಲ. ಈಗ."

"ಏನಿದು ಫಿಯೋನಾ, ಕೆಲಸದವಳಿಗೆ ಇಷ್ಟು ಸಲಿಗೆಯೇ?" ಅಂದಳು ಮುದುಕಿ. ಆ ಮಾತಿಗೆ ಫಿಯೋನಾ ಎದ್ದಳು. ಎದ್ದದ್ದು ಲಕ್ಕವ್ವನ ಪರವಾಗಿಯಲ್ಲ, ನಾಚಿಕೆಗೆ. ಮೇಲೆ ಹೋಗಿ ಬಂದು ಪಾಸ್‌ಪೋರ್ಟನ್ನು ಮೇಜಿನ ಮೇಲೆ ಎಸೆದಳು. "ಹೋಗು. ತಿರುಗಿ ಬರಬೇಡ. ಖಲಾಸ್." ಸೋಫಾದಲ್ಲಿ ಕೂತು ಮುಖ ತಿರುಗಿಸಿದಳು.

ಏಳು ವರ್ಷ ಒಂದೇ ಮಾತಿಗೆ ಖಲಾಸ್! ಲಕ್ಕವ್ವ ಪಾಸ್‌ಪೋರ್ಟನ್ನು ಕುಪ್ಪಸದೊಳಗೆ ಸೇರಿಸಿ ಅಡುಗೆಮನೆಗೆ ಹೋದಳು. ಇದನ್ನೇ ಒಯ್ದು ಮಗಳಿಗೆ ಕೊಡಲೇ ಅಂತ ಒಂದು ಗಳಿಗೆ ಅನಿಸಿತು. ಛೀ, ತುಂಬಿದ ಉಡಿಯಿಂದ ಯಾರಾದರೂ ವಾಪಸ್ ತೆಗೆಯುತ್ತಾರೆಯೇ? ನಲ್ಲಿ ಬಿಟ್ಟು, ಸೋಪು ಹಚ್ಚಿ, ಕಲೆ ಹೋಗುವ ತನಕ ಉಜ್ಜಿದಳು. ಹಿಂಡಿ, ಕೊಡವಿ, ನಾಲ್ಕು ಮಡಿಕೆ ಮಾಡಿ ಹಾಲ್‌ಗೆ ಬಂದಳು. ಒದ್ದೆ ಖಣವನ್ನು ಫಿಯೋನಾಳ ಮಡಿಲಲ್ಲಿ, ಆ ರೇಷ್ಮೆ ಗೌನಿನ ಮೇಲೆಯೇ ಇಟ್ಟಳು.

ಅವತ್ತಿನ ಹಾಗೆ ಕನ್ನಡದಲ್ಲೇ ಹೇಳಿದಳು, ಈ ಸಲ ಅರ್ಥ ಬಿಡಿಸಲಿಲ್ಲ: "ತುಂಬಿದ ಉಡಿ ತವರುಮನಿಯವರು ಹೊಳ್ಳಿ ತಗೊಳ್ಳಂಗಿಲ್ಲ. ಇಟ್ಕೋ. ಆದ್ರ ಇನ್ನ ಮ್ಯಾಲೆ ಅಳು ಬಂದಾಗ, ಈ ಹೆಗಲ ಇಲ್ಲೆ ಇರಂಗಿಲ್ಲ."

ಗೇಟಿನ ಹೊರಗೆ ಹಾಲಸಿದ್ದಪ್ಪ ಟ್ಯಾಕ್ಸಿ ನಿಲ್ಲಿಸಿಕೊಂಡು ಕಾಯುತ್ತಿದ್ದ. "ಪಾಸ್‌ಪೋರ್ಟ್ ಕೊಟ್ರೇನ?" ಅಂದ. ಲಕ್ಕವ್ವ ಅದನ್ನು ಕುಪ್ಪಸದಿಂದ ತೆಗೆದು ಅವನ ಕೈಗಿಟ್ಟು, ಬಾಗಿಲು ತೆಗೆದು, ಪೆಟ್ಟಿಗೆ ಒಳಗೆ ತಳ್ಳಿ ಕೂತಳು. ಕೈ ಇನ್ನೂ ಒದ್ದೆಯಾಗಿತ್ತು.