ಕಲ್ಲು ಹೊಡೆಯುವ ಊರು

ಬಡವನಹಳ್ಳಿಯ ಪಾಪಕ್ಕನಿಗೆ ಕೆಲಸ ಸಿಕ್ಕಿದ್ದೇ ಅವಳ ಬಾಯಿಂದ. ಪ್ರಶ್ನೆ ಕೇಳುವುದೆಂದರೆ ಅವಳಿಗೆ ಊಟಕ್ಕಿಂತ ಹೆಚ್ಚು. ಬಸ್ಸಿನಲ್ಲಿ ಪಕ್ಕ ಕೂತವರ ಊರು ಯಾವುದು, ಸೊಸೆ ಹೆಂಗೆ, ಎಮ್ಮೆ ಎಷ್ಟು ಕರೆಯುತ್ತೆ, ಎಲ್ಲವೂ ಮಧುಗಿರಿ ಬರುವುದರೊಳಗೆ ಅವಳಿಗೆ ಗೊತ್ತಾಗಿರುತ್ತಿತ್ತು. "ಇವಳು ಪೊಲೀಸಿಗೆ ಸೇರ್ಬೇಕಿತ್ತು ಕಣಮ್ಮ, ನನ್ ಹೊಟ್ಟೇಲಿ ಬಂದು ಹುಟ್ಬುಟ್ಲು" ಎಂದು ಅವ್ವ ದೊಡ್ಡಕ್ಕ ಹಣೆ ಚಚ್ಚಿಕೊಳ್ಳುತ್ತಿದ್ದಳು. ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದ ಅಂಥವಳನ್ನು ಸರ್ಕಾರವೇ ಕರೆದು, ತಗೋ, ಮನೆಮನೆಗೂ ಹೋಗಿ ಕೇಳು ಎಂದು ಸಂಬಳ ಕೊಟ್ಟರೆ ಅವಳ ಖುಷಿಯನ್ನು ಏನು ಹೇಳೋಣ!

ಅದು ಸಾವಿರದ ಒಂಬೈನೂರ ಎಂಬತ್ಮೂರನೇ ಇಸವಿ. ದೇಶದ ಜನ ಏನು ಕುಡಿಯುತ್ತಾರೆ, ಏನು ಸೇದುತ್ತಾರೆ, ಮನಸ್ಸು ಕೆಟ್ಟು ಕೂತವರು ಎಷ್ಟು ಮಂದಿ, ಅವರಿಗೆ ಔಷಧಿ ಸಿಗುತ್ತಿದೆಯೋ ಇಲ್ಲವೋ, ಇದೆಲ್ಲ ದೆಹಲಿಯಲ್ಲಿ ಕೂತ ಯಾರಿಗೋ ತಿಳಿಯಬೇಕಿತ್ತು. ಅದಕ್ಕೊಂದು ದೊಡ್ಡ ಹೆಸರಿನ ಸರ್ವೆ. ಜನ ಆ ಹೆಸರಿನ ತಂಟೆಗೇ ಹೋಗದೆ 'ಕುಡುಕರ ಸೆನ್ಸಸ್ಸು' ಅಂದರು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ನಾಲ್ಕು ತಾಲ್ಲೂಕಿನ ಆಯ್ದ ಊರುಗಳಿಗೆ ಪಾಪಕ್ಕ. ಅವಳ ಮೇಲೆ ಶಂಕರಲಿಂಗಪ್ಪ ಎಂಬ ಮೈಸೂರಿನ ಸೂಪರ್‌ವೈಸರು. ಅವರ ಬಳಿ ಒಂದು ಜೀಪು, ಒಂದು ಟೋಪಿ ಮತ್ತು ಬೇಕಾದಷ್ಟು ಸಿಟ್ಟು ಇತ್ತು.

ಮೊದಲನೇ ದಿನವೇ ಎಡವಟ್ಟು. ಮದಲೂರಿನ ಕೆರೆ ಏರಿಯ ಪಕ್ಕದ ಮನೆಯ ಅಜ್ಜಿಗೆ ಅಚ್ಚಾದ ಪ್ರಶ್ನೆಯನ್ನು ಇದ್ದಂತೆಯೇ ಓದಿದಳು: "ಕುಟುಂಬದ ಸದಸ್ಯರಲ್ಲಿ ಮದ್ಯಸೇವನೆಯ ರೂಢಿಯುಳ್ಳವರು ಇರುವರೆ?"

ಅಜ್ಜಿ ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದು ಹೇಳಿತು: "ನಮ್ಮನೇಲಿ ಸದಸ್ಯರು ಯಾರೂ ಇಲ್ಲ ಕಣಮ್ಮ. ಪಂಚಾಯ್ತಿ ಸದಸ್ಯ ಆಚೆ ಬೀದೀಲವ್ನೆ."

ಶಂಕರಲಿಂಗಪ್ಪನವರು ತಲೆ ಕೆರೆದುಕೊಂಡು, "ನಿಮ್ಮ ಕಡೆ ಹೆಂಗೆ ಮಾತಾಡ್ತೀರೋ ಹಂಗೇ ಕೇಳಿಬಿಡಿ" ಎಂದು ಅಪ್ಪಣೆ ಕೊಟ್ಟರು. ಪಾಪಕ್ಕನಿಗೆ ಬೇಕಾಗಿದ್ದೂ ಅಷ್ಟೆ. ಹಾಳೆಯ ಪ್ರಶ್ನೆಗಳನ್ನೆಲ್ಲ ತನ್ನ ಬಾಯಿಗೆ ಒಗ್ಗಿಸಿಕೊಂಡಳು. ಕುಡಿತಕ್ಕೆ, "ಮನೇಲಿ ಯಾರಾನ ಎಂಡ ಕುಡೀತಾರಾ?" ಮನಸ್ಸಿಗೆ, "ಒಬ್ಬೊಬ್ರೇ ಮಾತಾಡ್ಕಂತಾರಾ? ನಿದ್ದೆ ಇಲ್ದಂಗೆ ಕುಂತಿರ್ತಾರಾ? ಕಲ್ಲು ಹೊಡೀತಾರಾ?" ನಮ್ಮ ಕಡೆ ತಲೆ ಕೆಟ್ಟವನು ಎಂದರೆ ಮೊದಲು ಕಣ್ಣಿಗೆ ಬರುವುದು ಬೀದಿಯಲ್ಲಿ ಕಲ್ಲು ಹೊಡೆಯುವವನೇ ತಾನೆ?

ಕೆಲಸ ಕುದುರಿತು. ಸಿರಾದಲ್ಲಿ ಒಬ್ಬ ಮುದುಕಪ್ಪ ಎರಡೂ ಕೆನ್ನೆ ಮುಟ್ಟಿಕೊಂಡು, "ತೋಬಾ ತೋಬಾ, ನಮ್ಮ ಘರ್‌ನಲ್ಲಾ? ಪಕ್ಕದ್ಮನೇಲಿ ಕೇಳಮ್ಮ" ಎಂದ. ಕೊರಟಗೆರೆಯಲ್ಲಿ ಗಂಡ "ಛೇ, ಮುಟ್ಟೋದೇ ಇಲ್ಲ" ಎನ್ನುತ್ತಿದ್ದರೆ, ಹೆಂಡತಿ ಅವನ ಬೆನ್ನ ಹಿಂದೆ ನಿಂತು ಹೌದು ಹೌದು ಎಂದು ತಲೆ ಆಡಿಸುತ್ತಿದ್ದಳು. ಒಟ್ಟಿನಲ್ಲಿ ಆ ಸೀಮೆಯ ಕುಡುಕರೆಲ್ಲ ಪಕ್ಕದ ಮನೆಯಲ್ಲೇ ಇದ್ದರು. ಕುಡಿಯಲು ನೀರು ಕೇಳಿದರೆ ಮಾತ್ರ ಕೆಲವರು ಮೊದಲು "ಯಾರ ಪೈಕಿ?" ಎಂದು ಕೇಳಿ, ಉತ್ತರ ಕೇಳಿದ ಮೇಲೆ ಮೇಲಿನಿಂದ ಬೊಗಸೆಗೆ ಹುಯ್ಯಲು ಬರುತ್ತಿದ್ದರು. ಪಾಪಕ್ಕ ಬಗ್ಗುವ ಆಸಾಮಿಯಲ್ಲ. ಚೀಲದಿಂದ ತನ್ನದೇ ಸ್ಟೀಲ್ ಲೋಟ ತೆಗೆದು ಒಡ್ಡಿ, ನಿಂತೇ ಕುಡಿದು, ಮುಂದಿನ ಮನೆಗೆ ನಡೆಯುತ್ತಿದ್ದಳು.

ಆದರೆ ಒಂದು ಪ್ರಶ್ನೆಯನ್ನು ಮಾತ್ರ ಅವಳು ತಲೆ ಎತ್ತದೆ, ಹಾಳೆ ನೋಡುತ್ತಲೇ ಕೇಳುತ್ತಿದ್ದಳು. ನಿದ್ದೆ ಇಲ್ಲದೆ ಕೂತಿರುತ್ತಾರಾ ಎನ್ನುವುದು. ಯಾಕೆಂದರೆ ಅವಳ ಮನೆಯಲ್ಲೇ ಒಬ್ಬ ಹಾಗೆ ಕೂತಿದ್ದ. ಅಣ್ಣ ಕದಿರಯ್ಯ.

ಕದಿರಯ್ಯನದು ಸಂತೆ ಮೈದಾನದ ಬದಿಯಲ್ಲಿ ಸೈಕಲ್ ಶಾಪು. ಪಂಕ್ಚರ್ ಹಾಕುತ್ತಾ ಹಾಡುತ್ತಿದ್ದ, ಬಂದವರ ಕಾಲೆಳೆಯುತ್ತಿದ್ದ. ಎರಡು ವರ್ಷದ ಹಿಂದೆ ಶಾಪಿನ ಬಾಗಿಲು ಹಾಕಿ ಬಂದವನು, ಗೋಡೆಯ ಕಡೆ ಮುಖ ಮಾಡಿ ಕೂತ. ಅಷ್ಟೆ. ಕೇಳಿದ್ದಕ್ಕೆ ಹೂಂ, ಇಲ್ಲವಾದರೆ ಉಹೂಂ. ಗಾಳಿ ಮೆಟ್ಟಿದೆ ಅಂದರು, ಯಾರೋ ಮಾಡಿಸಿದ್ದಾರೆ ಅಂದರು. ದೊಡ್ಡಕ್ಕ ಕಟ್ಟಿಸಿದ ತಾಯಿತಗಳಿಂದ ಅವನ ತೋಳೇ ಕಾಣುತ್ತಿರಲಿಲ್ಲ. ಊರ ಮಂದಿಯ ಬಾಯಿ ಬಿಡಿಸುವ ಪಾಪಕ್ಕನಿಗೆ ಸ್ವಂತ ಅಣ್ಣನಿಂದ ಒಂದು ಮಾತು ಹೊರಡಿಸಲು ಆಗಲಿಲ್ಲವಲ್ಲ, ಆ ಸಂಕಟ ಅವಳನ್ನು ತಿನ್ನುತ್ತಿತ್ತು.

ಬೆಂಗಳೂರಿನ ಮನಸ್ಸಿನ ಕಾಯಿಲೆಯ ದೊಡ್ಡಾಸ್ಪತ್ರೆಗೆ ಹೋಗೋಣವೆಂದು ಒಮ್ಮೆ ಹೊರಡಿಸಿದಾಗ ಅವನು ಬಾಗಿಲ ಕಂಬ ತಬ್ಬಿಕೊಂಡು ನಿಂತುಬಿಟ್ಟ. "ಅಲ್ಲಿಗೋದೋನ್ನ ಊರು ಏನಂತ ಕರೀತದೆ ಗೊತ್ತೇನೇ? ನಾನು ಬರಾಕಿಲ್ಲ ಬುಡು." ಎರಡು ವರ್ಷದಲ್ಲಿ ಅವನು ಆಡಿದ ಉದ್ದನೆಯ ಮಾತೆಂದರೆ ಅದೊಂದೇ.

ಹೀಗಿರುವಾಗ ಶಂಕರಲಿಂಗಪ್ಪನವರು ಒಂದು ಸುದ್ದಿ ತಂದರು. ಸರ್ವೆಯಲ್ಲಿ ಯಾವ ಊರಲ್ಲಿ ಮನಸ್ಸಿನ ಕಾಯಿಲೆಯವರು ಹೆಚ್ಚಾಗಿ ಸಿಗುತ್ತಾರೋ ಆ ಊರಿಗೆ ಡಾಕ್ಟರೇ ಔಷಧಿ ಪೆಟ್ಟಿಗೆ ಸಮೇತ ಬಂದು ಕ್ಯಾಂಪು ಹಾಕುತ್ತಾರಂತೆ. ಪಾಪಕ್ಕನ ಕಿವಿ ನೆಟ್ಟಗಾಯಿತು. ಅಣ್ಣನನ್ನು ಹೇಗಾದರೂ ಮಾಡಿ ಆ ಡಾಕ್ಟರ ಮುಂದೆ ಕೂರಿಸಬೇಕು. ಅವತ್ತಿನಿಂದ ಅವಳ ತಲೆಯಲ್ಲಿ ಅದೇ ಗುಂಗು.

ಕೊನೆಗೆ ಉಳಿದದ್ದು ಪಾವಗಡ ತಾಲ್ಲೂಕಿನ ಈದುಲಪಲ್ಲಿ. ವಳ್ಳೂರನ್ನೂ ದಾಟಿ, ಆಂಧ್ರದ ಗಡಿಗೆ ಒರಗಿಕೊಂಡ ಕುರಿಗಾಹಿಗಳ ಸಣ್ಣ ಊರು. ಮನೆಯೊಳಗೆಲ್ಲ ತೆಲುಗು. ಹೊರಗಿನವರು ಬಂದರೆ ಸಂತೆಗೆ ಸಾಕಾಗುವಷ್ಟು ಕನ್ನಡ. ಪಾಪಕ್ಕನ ತೆಲುಗೋ, 'ರಾ' ಮತ್ತು 'ಪೋ'ಗೆ ಮುಗಿಯುತ್ತಿತ್ತು.

ಮೊದಲನೇ ಮನೆಯಲ್ಲಿ ಭೀಮಕ್ಕ ಕುರಿಮರಿಗೆ ಸೊಪ್ಪು ಹಾಕುತ್ತಿದ್ದಳು.

"ಅಕ್ಕಾ, ಮನೇಲಿ ಯಾರಾನ ಎಂಡ ಕುಡೀತಾರಾ?"

ಭೀಮಕ್ಕ ಅವಳನ್ನು ಮೇಲಿಂದ ಕೆಳಗೆ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. "ಎಂಡನಾ? ಎಂಡ ಯವರಾನ ಕುಡೀತಾರಾ ತಲ್ಲೀ! ಲೇದು ಲೇದು."

ಅಬ್ಬಾ, ಒಳ್ಳೆ ಮನೆ ಎಂದುಕೊಂಡಳು ಪಾಪಕ್ಕ. "ಕಲ್ಲು ಹೊಡೀತಾರಾ?"

"ಹೊಡೀದೆ ಇರ್ತಾರಾ? ಮಾ ಆಯನ, ನನ್ ಗಂಡ, ದಿನಾ ಸಾಯಂಕಾಲ ಹೊಡೀತಾನೆ."

ಪಾಪಕ್ಕ ಒಂದು ಹೆಜ್ಜೆ ಹಿಂದಕ್ಕೆ ಸರಿದಳು. "ನೀವು?"

"ನಾನೂ ಒಂದೊಂದ್ಕಿತ. ಮೈಕೈ ನೋವಿದ್ರೆ ಹೊಡೀತೀನಿ. ಮಕ್ಳಿಗೆ ಮಾತ್ರ ಕೊಡಾಕಿಲ್ಲಮ್ಮ, ಹೊಟ್ಟೆ ಕೆಡ್ತೈತೆ."

ಮಕ್ಕಳಿಗೆ ಕಲ್ಲು ಕೊಟ್ಟರೆ ಹೊಟ್ಟೆ ಕೆಡದೆ ಇನ್ನೇನಾಗುತ್ತದೆ! ಪಾಪಕ್ಕ ಸೆರಗನ್ನು ತಲೆಗೆ ಬಿಗಿಯಾಗಿ ಹೊದ್ದು ಪಕ್ಕದ ಮನೆಗೆ ಹೋದಳು. ಅಲ್ಲೂ ಅದೇ. ಎಂಡ ಅಂದರೆ ನಗು, ಕಲ್ಲು ಅಂದರೆ ಹೂಂ. ಕುರಿ ಕಾಯುವ ಬೋರಪ್ಪ ಹೊಡೆಯುತ್ತಾನೆ, ಅವನ ಅತ್ತೆ ಹೊನ್ನಕ್ಕ ಹೊಡೆಯುತ್ತಾಳೆ, ಹಬ್ಬದ ದಿನ ಬೀಗರೆಲ್ಲ ಕೂಡಿ ಕೂತು ಹೊಡೆಯುತ್ತಾರೆ. ಯಾವಾಗಲೂ ಒಂದು ಪ್ರಶ್ನೆಗೆ ನಾಲ್ಕು ಸೇರಿಸಿ ಕೇಳುವ ಪಾಪಕ್ಕ ಆವತ್ತು ಒಂದನ್ನೂ ಹೆಚ್ಚಿಗೆ ಕೇಳಲಿಲ್ಲ. ಎಲ್ಲರೂ ಎಷ್ಟು ನಗುನಗುತ್ತಾ ಒಪ್ಪಿಕೊಳ್ಳುತ್ತಿದ್ದರು ಎಂದರೆ ಅದೇ ಅವಳಿಗೆ ಇನ್ನೂ ಭಯವಾಯಿತು. ಊರ ಬಾಗಿಲಿನ ಜಾಲಿಮರ ದಾಟುವವರೆಗೂ ಹಿಂದಕ್ಕೆ ತಿರುಗಿ ನೋಡಲಿಲ್ಲ.

ಲೆಕ್ಕ ನೋಡಿದ ಶಂಕರಲಿಂಗಪ್ಪನವರು ಕುರ್ಚಿಯಿಂದ ಎದ್ದೇಬಿಟ್ಟರು. ಇಡೀ ಊರಲ್ಲಿ ಒಬ್ಬನೂ ಕುಡಿಯುವುದಿಲ್ಲ, ಆದರೆ ಮುಕ್ಕಾಲು ಊರಿಗೆ ತಲೆ ಸರಿಯಿಲ್ಲ! "ಪಾಪಕ್ಕನೋರೇ, ದೇಶದಲ್ಲೇ ಇಂಥ ಊರು ಸಿಕ್ಕಿರಲಿಕ್ಕಿಲ್ಲ!" ಎಂದು ಅವಳ ಬೆನ್ನು ತಟ್ಟುವುದೊಂದು ಬಾಕಿ. ಕ್ಯಾಂಪು ಈದುಲಪಲ್ಲಿಗೇ ಎಂದು ಗೊತ್ತಾಯಿತು.

ಮನೆಗೆ ಬಂದು ಪಾಪಕ್ಕ ಅಣ್ಣನ ಪಕ್ಕ, ಅವನ ಹಾಗೆಯೇ ಗೋಡೆಗೆ ಮುಖ ಮಾಡಿ ಕೂತಳು.

"ಅಣ್ಣಾ, ಒಂದೂರು ಐತೆ ಕಣಣ್ಣ. ಊರಿಗೂರೇ ಕಲ್ಲು ಹೊಡೀತದೆ. ಮುದುಕೀರೂ ಬುಟ್ಟಿಲ್ಲ. ಅಲ್ಲಿಗೆ ಡಾಕ್ಟ್ರು ಬತ್ತಾವ್ರೆ. ಅಷ್ಟು ಜನದಾಗೆ ನಿನ್ನ ಯಾರು ಕೇಳ್ತಾರೆ? ಅವ್ರ ಮುಂದೆ ನೀನೇ ಜಾಣ. ನಮ್ಮೂರ ನರಪಿಳ್ಳೇನೂ ಅಲ್ಲಿರಾಕಿಲ್ಲ."

ಕದಿರಯ್ಯ ಗೋಡೆಯಿಂದ ಮುಖ ತಿರುಗಿಸಿ, "ಊರಿಗೂರೇನಾ?" ಎಂದ.

"ನಿನ್ನಾಣೆ."

ಮಾರನೇ ವಾರ ಅವನು ಅಂಗಿ ಹಾಕಿಕೊಂಡು ತಂಗಿಯ ಜೊತೆ ಬಸ್ಸು ಹತ್ತಿದ. ದೊಡ್ಡಕ್ಕ ಬಾಗಿಲಲ್ಲಿ ನಿಂತು ಅತ್ತಳು. ಬಸ್ಸಿನಲ್ಲಿ ಪಾಪಕ್ಕ ಜೀವಮಾನದಲ್ಲೇ ಮೊದಲ ಸಲ ಪಕ್ಕದವರನ್ನು ಏನೂ ಕೇಳಲಿಲ್ಲ.

ಈದುಲಪಲ್ಲಿಯ ಬೇವಿನ ಮರದಡಿ ಮೇಜು, ಕುರ್ಚಿ, ಸ್ಟೂಲು. ಊರೆಲ್ಲ ಸ್ನಾನ ಮಾಡಿ, ಒಗೆದ ಬಟ್ಟೆ ಉಟ್ಟು ನೆರೆದಿತ್ತು. ಪಾಪಕ್ಕ ಅಣ್ಣನನ್ನು ಜನರ ಹಿಂದೆ ಕಲ್ಲುಕಟ್ಟೆಯ ಮೇಲೆ ಕೂರಿಸಿ ಬಂದಳು. ಮೊದಲು ಬಂದವನು ಭೀಮಕ್ಕನ ಗಂಡ ಓಬಳಪ್ಪ. ಹೊಸ ಪೇಟ, ಎಣ್ಣೆ ಹಚ್ಚಿದ ಮೀಸೆ.

ಡಾಕ್ಟರು ವಯಸ್ಸಿನಲ್ಲಿ ಸಣ್ಣವರು, ಮಾತು ಮೃದು. "ಯಜಮಾನರೇ, ದಿನಾ ಕಲ್ಲು ಹೊಡೀತೀರಂತೆ. ಯಾರ ಮೇಲೆ ಹೊಡೀತೀರಿ?"

"ಮೇಲೆ ಯಾಕೆ ಸಾಮಿ? ಒಳಕ್ಕೆ ಹೊಡೀತೀನಿ."

"ಒಳಕ್ಕೆ ಅಂದ್ರೆ?"

"ಹೊಟ್ಟೆ ಒಳಕ್ಕೆ."

ಡಾಕ್ಟರ ಪೆನ್ನು ನಿಂತಿತು. ಓಬಳಪ್ಪನಿಗೆ ಇವರ ಪೆದ್ದುತನ ನೋಡಿ ಕನಿಕರ ಬಂತು. "ಲೇ ಬೋರಾ, ಒಂದು ಮಡಕೆ ತಕಂಬಾರೋ" ಎಂದು ಕೂಗಿದ. ಮಡಕೆ ಬಂತು. ಮೇಜಿನ ಮೇಲೆ ಕೂತಿತು. ಬಿಳೀ ನೊರೆ ಉಕ್ಕಿ ಶಂಕರಲಿಂಗಪ್ಪನವರ ಟೋಪಿಯ ಪಕ್ಕದಲ್ಲೇ ಹರಿಯಿತು. ಡಾಕ್ಟರು ಬಗ್ಗಿ ಮೂಸಿದರು.

"ಇದು ಹೆಂಡ!"

"ಆ! ಹೆಂಡ! ಈಚಲ ಮರದ್ದು. ನಮ್ಮ ತೆಲುಗಲ್ಲಿ ಇದು ಕಲ್ಲು. ನೀವು ಎಸೆಯೋದನ್ನ ನಾವು ರಾಯಿ ಅಂತೀವಿ."

"ಮತ್ತೆ ಹೆಂಡ ಕುಡೀತೀರಾ ಅಂದ್ರೆ ಇಲ್ಲ ಅಂದ್ರಂತಲ್ಲ?"

"ಈಯಮ್ಮ ಹೆಂಡ ಅಂದ್ರೆ ತಾನೆ? ಎಂಡ ಎಂಡ ಅಂದ್ಲು. ಎಂಡ ಅಂದ್ರೆ ನಮಗೆ ಬಿಸಿಲು. ಬಿಸಿಲು ಯಾವನಾನ ಕುಡೀತಾನಾ ಸಾಮಿ?"

ಆಮೇಲೆ ಎದ್ದಿತು ನೋಡಿ ನಗು! ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ಹೊನ್ನಕ್ಕ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು, ಊರ ನಾಯಿಗಳು ಗಾಬರಿಯಾಗಿ ಬೊಗಳಿದವು. ನಗದವರು ಇಬ್ಬರೇ. ಒಬ್ಬರು ಶಂಕರಲಿಂಗಪ್ಪನವರು. ಅವರ ಮುಖ ಹುಣಸೆಹಣ್ಣಾಗಿತ್ತು. "ಪಾಪಕ್ಕನೋರೇ, ನಾಳೆಯಿಂದ ನೀವು ಬರೋದು ಬೇಡ" ಎಂದರು. "ಡ್ರೈವರ್, ಪೆಟ್ಟಿಗೆ ಎತ್ತಿ ಜೀಪಿಗೆ ಹಾಕಪ್ಪ."

ನಗದಿದ್ದ ಇನ್ನೊಬ್ಬಳು ಪಾಪಕ್ಕ. ಕೆಲಸ ಹೋದದ್ದು ಅವಳ ಕಿವಿಗೇ ಬೀಳಲಿಲ್ಲ. ಅವಳ ಕಣ್ಣೆಲ್ಲ ಪೆಟ್ಟಿಗೆಯ ಮೇಲೆ. ಅದು ಜೀಪು ಹತ್ತಿತೆಂದರೆ ಮುಗಿಯಿತು, ಅಣ್ಣ ಮತ್ತೆ ಗೋಡೆಯ ಪಾಲು. ಊರಿಗೂರೇ ಅಂದಿದ್ದಳು, ಅವನ ಮೇಲೇ ಆಣೆ ಇಟ್ಟಿದ್ದಳು. ಈಗ ನೋಡಿದರೆ ಊರೆಲ್ಲ ನೆಟ್ಟಗಿದೆ. ಇಷ್ಟು ಜನದ ಎದುರು ನಮ್ಮಣ್ಣನಿಗೆ ಕಾಯಿಲೆ ಎಂದು ಹೇಗೆ ಹೇಳುವುದು? ಹೇಳಿದರೆ ಅವನು ಎದ್ದು ಹೋಗುತ್ತಾನೆ. ಹೇಳದಿದ್ದರೆ ಇವರು ಹೋಗುತ್ತಾರೆ.

"ಸಾರ್..." ಎಂದಳು. ಮುಂದಕ್ಕೆ ಹೊರಡಲಿಲ್ಲ. ಆ ಬಾಯಿ, ಆ ಪಾಪಕ್ಕನ ಬಾಯಿ, ಕಟ್ಟಿಹೋಯಿತು.

ತಿರುಗಿ ನೋಡಿದರೆ ಕಟ್ಟೆಯ ಮೇಲೆ ಕದಿರಯ್ಯನ ಭುಜ ಅಲುಗುತ್ತಿತ್ತು. ಅಯ್ಯೋ, ಅಳುತ್ತಿದ್ದಾನೆ ಎಂದುಕೊಂಡಳು. ಅಳುತ್ತಿರಲಿಲ್ಲ. ನಗುತ್ತಿದ್ದ. ಬಾಯಿಗೆ ಟವೆಲ್ಲು ಒತ್ತಿಕೊಂಡು, ಸದ್ದಿಲ್ಲದೆ, ಬಹಳ ದಿನದಿಂದ ಮರೆತದ್ದನ್ನು ಕಷ್ಟಪಟ್ಟು ಮಾಡುವವನ ಹಾಗೆ ನಗುತ್ತಿದ್ದ. ನಗುತ್ತಲೇ ಎದ್ದ. ಜನ ದಾರಿ ಬಿಟ್ಟರು. ನಡೆದು ಬಂದು ಖಾಲಿ ಸ್ಟೂಲಿನ ಮೇಲೆ ಕೂತ.

ಡಾಕ್ಟರು ಇನ್ನೂ ನಗೆಯಲ್ಲೇ ಇದ್ದರು. "ನೀವು ಯಾವ ಕಲ್ಲು ಹೊಡೀತೀರಿ ಸ್ವಾಮಿ, ಅವರದೋ ನಮ್ಮದೋ?"

"ಎರಡೂ ಇಲ್ಲ ಸಾರ್" ಎಂದ ಕದಿರಯ್ಯ. ಟವೆಲ್ಲನ್ನು ಮಡಿಲಲ್ಲಿ ಮಡಿಸಿ ಇಟ್ಟುಕೊಂಡ. "ನಿದ್ದೆ ಬರಾಕಿಲ್ಲ. ಎರಡು ವರ್ಸ ಆತು."

ಡಾಕ್ಟರ ನಗೆ ನಿಂತಿತು. ಅವರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಮಡಕೆಯನ್ನು ಪಕ್ಕಕ್ಕೆ ಸರಿಸಿ, "ಡ್ರೈವರ್, ಪೆಟ್ಟಿಗೆ ಇಳಿಸಪ್ಪ" ಎಂದರು.

ಪಾಪಕ್ಕ ಬೇವಿನ ಮರಕ್ಕೆ ಒರಗಿ ಗಳಗಳ ಅತ್ತಳು. ಯಾಕೆ ಏನು ಎಂದು ಗೊತ್ತಿಲ್ಲದ ಭೀಮಕ್ಕ ಓಡಿಬಂದಳು. "ಕೆಲ್ಸ ಹೋದ್ರೆ ಹೋತು, ಅಳಬ್ಯಾಡ ತಲ್ಲೀ. ಒಂದು ಲೋಟ ಕಲ್ಲು ಹೊಡಿ, ಎಲ್ಲಾ ಸರಿ ಹೋಗ್ತೈತೆ."

ಪಾಪಕ್ಕ ಮೂಗೊರೆಸಿಕೊಂಡು ಚೀಲಕ್ಕೆ ಕೈ ಹಾಕಿ ತನ್ನ ಲೋಟ ಹುಡುಕಿದಳು.

"ಅದ್ಯಾಕೆ, ಬುಡು" ಎಂದಳು ಭೀಮಕ್ಕ. ತನ್ನ ಮನೆಯ ಹಿತ್ತಾಳೆ ಲೋಟ ತುಂಬಿಸಿ ಅವಳ ಕೈಗಿಟ್ಟಳು.

ಪಾಪಕ್ಕ ಅಣ್ಣನ ಕಡೆ ನೋಡಿದಳು. ಅವನು ಡಾಕ್ಟರಿಗೆ ಏನೋ ಹೇಳುತ್ತಿದ್ದ, ಇನ್ನೂ ಹೇಳುತ್ತಲೇ ಇದ್ದ. ಅವಳು ಲೋಟ ಎತ್ತಿ, ಒಂದೇ ಗುಟುಕಿಗೆ ಕಲ್ಲು ಹೊಡೆದಳು.